ಪ್ರಶ್ನೋತ್ತರ: ಮನೆಯಲ್ಲೇ ಕಟ್ಟಿದ ಕ್ಯಾಮೆರಾ ಡ್ರೋನ್

ಪ್ರಶ್ನೆ: ಐದು ಇಂಚಿನ ಪ್ರಾಪ್‌ನ (ತಿರುಗುವ ರೆಕ್ಕೆಯ) ಡ್ರೋನ್ ಕಟ್ಟಿ ಮುಗಿಸಿದ್ದೇನೆ. ನಾಲ್ಕೂ ಮೋಟಾರ್ ತಿರುಗುತ್ತವೆ. ಆದರೆ ಥ್ರಾಟಲ್ ಏರಿಸಿದ ಕೂಡಲೇ ಬಲಕ್ಕೆ ಮಗುಚಿ ಬೀಳುತ್ತದೆ. ಆಗಲೇ ಎರಡು ಸೆಟ್ ಪ್ರಾಪ್ ಮುರಿದವು. ಮೋಟಾರ್ ಬದಲಿಸಬೇಕೆ? (ವಿದ್ಯಾರ್ಥಿ, ಹುಬ್ಬಳ್ಳಿ)

ಬದಲಿಸಬೇಡಿ, ದುಡ್ಡು ದಂಡ. ನೆಲ ಬಿಡುವ ಮೊದಲೇ ಮಗುಚುವ ಡ್ರೋನ್‌ನಲ್ಲಿ ತಪ್ಪು ಇರುವುದು ಸಾಮಾನ್ಯವಾಗಿ ನಾಲ್ಕೇ ಕಡೆ: ಡ್ರೋನ್ ನಿಯಂತ್ರಿಸುವ ಬೋರ್ಡ್ ಕೂರಿಸಿದ ದಿಕ್ಕು, ಮೋಟಾರ್‌ಗಳ ಕ್ರಮ, ಅವು ತಿರುಗುವ ದಿಕ್ಕು, ಪ್ರಾಪ್ ಹಾಕಿದ ರೀತಿ. ಇದೇ ಕ್ರಮದಲ್ಲಿ ಪರೀಕ್ಷಿಸಿ. ನಾಲ್ಕೂ ಪ್ರಾಪ್ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆಯೇ ಬ್ಯಾಟರಿ ಮುಟ್ಟಿ. ಐದು ಇಂಚಿನ ಪ್ರಾಪ್ ಬೆರಳಿನ ಮೂಳೆಯವರೆಗೂ ಕೊಯ್ಯುತ್ತದೆ.

ಯುಎಸ್‌ಬಿ ಹಾಕಿ, ಕಂಪ್ಯೂಟರಿನಲ್ಲಿ ಬೋರ್ಡ್ ಹೊಂದಿಸುವ ಸಾಫ್ಟ್‌ವೇರ್ ಬೀಟಾಫ್ಲೈಟ್ ತೆರೆಯಿರಿ. ಡ್ರೋನನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿಸಿದರೆ ಪರದೆಯ ಮೇಲಿನ ಚಿತ್ರವೂ ಮುಂದಕ್ಕೇ ಬಾಗಬೇಕು. ಬಲಕ್ಕೆ ವಾಲಿಸಿದರೆ ಬಲಕ್ಕೆ. ಎಷ್ಟೋ ಜನ ಯುಎಸ್‌ಬಿ ಪೋರ್ಟ್ ಕೈಗೆ ಸಿಗಲಿ ಎಂದು ಬೋರ್ಡನ್ನು 90 ಡಿಗ್ರಿ ತಿರುಗಿಸಿ ಕೂರಿಸಿರುತ್ತಾರೆ, ಸೆಟ್ಟಿಂಗ್‌ನಲ್ಲಿ ಆ ಕೋನವನ್ನು ತುಂಬಲು ಮರೆತಿರುತ್ತಾರೆ. ಆಗ ಡ್ರೋನ್ ಬಲಕ್ಕೆ ವಾಲಿದಾಗ ಬೋರ್ಡ್ ಅದನ್ನು ಮುಂದಕ್ಕೆ ಬಾಗಿದೆ ಎಂದು ತಿಳಿದು ಬೇರೆಯೇ ಮೋಟಾರ್‌ಗಳಿಗೆ ಬಲ ಕೊಡುತ್ತದೆ.

ಚಿತ್ರ ಸರಿಯಿದ್ದರೆ ಮೋಟಾರ್ ಪುಟಕ್ಕೆ ಹೋಗಿ. ಇಲ್ಲಿಂದ ಮುಂದೆ ಬ್ಯಾಟರಿಯೂ ಬೇಕು. ಒಂದೊಂದೇ ಮೋಟಾರ್ ತಿರುಗಿಸಿ ನೋಡಿ: 1 ಹಿಂದಿನ ಬಲ, 2 ಮುಂದಿನ ಬಲ, 3 ಹಿಂದಿನ ಎಡ, 4 ಮುಂದಿನ ಎಡ. ದಿಕ್ಕು ತಿಳಿಯಲು ಕಾಗದದ ಸಣ್ಣ ಚೂರನ್ನು ಮೋಟಾರಿನ ತಿರುಗುವ ಹೊರಕವಚಕ್ಕೆ (ಬೆಲ್) ಸೋಕಿಸಿ, ಯಾವ ಕಡೆಗೆ ಬಾಗುತ್ತದೋ ಅದೇ ದಿಕ್ಕು. ಮೂಲ ಸೆಟ್ಟಿಂಗ್‌ನಲ್ಲಿ, ಮೇಲಿನಿಂದ ನೋಡಿದಾಗ 1 ಮತ್ತು 4 ಗಡಿಯಾರದ ಮುಳ್ಳಿನಂತೆ, 2 ಮತ್ತು 3 ಅದಕ್ಕೆ ವಿರುದ್ಧವಾಗಿ ತಿರುಗಬೇಕು. ಉಲ್ಟಾ ಇದ್ದರೆ ಸಾಫ್ಟ್‌ವೇರ್‌ನಲ್ಲೇ ಬದಲಿಸಬಹುದು, ಇಲ್ಲವೇ ಆ ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ ಬೆಸೆಯಬಹುದು. ಕೊನೆಗೆ ಪ್ರಾಪ್: ಅಕ್ಷರ ಇರುವ ಮೈ ಮೇಲಿರಬೇಕು, ಎತ್ತರದ ಅಂಚು ಮುಂದಾಗಿ ಗಾಳಿಯನ್ನು ಸೀಳಬೇಕು.

ಮೋಟಾರ್ ತಿರುಗದೆ ನಡುಗಿದರೆ ಮೂರು ತಂತಿಗಳಲ್ಲಿ ಒಂದರ ಬೆಸುಗೆ ಹಿಡಿದಿಲ್ಲ ಎಂದೇ ಮೊದಲು ಅನುಮಾನಿಸಿ. ಎರಡನೆಯ ಅನುಮಾನ ಸ್ಕ್ರೂ ಮೇಲೆ. ತೋಳು 5 ಮಿ.ಮೀ. ದಪ್ಪವಿದ್ದರೆ 8 ಮಿ.ಮೀ. ಉದ್ದದ ಎಂ3 ಸ್ಕ್ರೂ ಸಾಕು. ಪೆಟ್ಟಿಗೆಯಲ್ಲಿ ಸಿಕ್ಕಿತೆಂದು 10 ಮಿ.ಮೀ. ಸ್ಕ್ರೂ ಹಾಕಿದರೆ ಅದರ ತುದಿ ತಾಮ್ರದ ಸುರುಳಿಗೆ ಚುಚ್ಚಿ ಮೋಟಾರ್ ಜೊತೆ ಅದರ ವೇಗ ನಿಯಂತ್ರಿಸುವ ಇಎಸ್‌ಸಿಯೂ ಸುಟ್ಟೀತು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಸ್ಕ್ರೂಗೂ ಇನ್ನೊಂದನ್ನು ಮೋಟಾರ್ ತಂತಿಗೂ ಇಟ್ಟಾಗ ಬೀಪ್ ಬರಬಾರದು.

ಪ್ರಾಪ್ ಇಲ್ಲದೆ ಆರ್ಮ್ ಮಾಡಿದಾಗ (ಮೋಟಾರ್‌ಗಳನ್ನು ಚಾಲೂ ಸ್ಥಿತಿಗೆ ತಂದಾಗ) ಮೋಟಾರ್‌ಗಳು ತಾವಾಗಿಯೇ ವೇಗ ಹೆಚ್ಚಿಸಿಕೊಳ್ಳುವುದನ್ನು ಕಂಡು ಗಾಬರಿಯಾಗಬೇಡಿ. ಬೋರ್ಡ್ ತಿದ್ದಲು ಯತ್ನಿಸುತ್ತದೆ, ಪ್ರಾಪ್ ಇಲ್ಲದ್ದರಿಂದ ಡ್ರೋನ್ ಅಲುಗುವುದಿಲ್ಲ, ಬೋರ್ಡ್ ಇನ್ನಷ್ಟು ತಿದ್ದುತ್ತದೆ. ಇದು ದೋಷವಲ್ಲ.

ಹೊಸ ಬೆಸುಗೆ ಹಾಕಿದ ಮೇಲೆ ಮೊದಲ ಸಲ ಬ್ಯಾಟರಿಯನ್ನು ನೇರವಾಗಿ ಕೊಡಬೇಡಿ. ಕಾರಿನ ಇಂಡಿಕೇಟರಿನ 12 ವೋಲ್ಟ್, 21 ವ್ಯಾಟ್ ಬಲ್ಬನ್ನು ಪಾಸಿಟಿವ್ ತಂತಿಯ ನಡುವೆ ಸೇರಿಸಿ ಕೊಡಿ. ಆರು ಸೆಲ್‌ನ ಬ್ಯಾಟರಿಯಾದರೆ ಅಂಥ ಎರಡು ಬಲ್ಬ್ ಸರಣಿಯಲ್ಲಿರಲಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಕ್ಷೇಮ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಆದರೆ ಬೋರ್ಡ್ ಸುಡದೆ ಉಳಿಯಿತು.

ಪ್ರಶ್ನೆ: ಗೋಪ್ರೋ ಕಟ್ಟಿ ತೆಗೆದ ವಿಡಿಯೊದಲ್ಲಿ ತೆಂಗಿನ ಮರಗಳೆಲ್ಲ ನೀರಿನೊಳಗೆ ಕಂಡಂತೆ ಅಲೆಅಲೆಯಾಗಿ ಕುಣಿಯುತ್ತವೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿದರೆ ಹೋಗುತ್ತದೆ ಅನ್ನುತ್ತಾರೆ. ನಿಜವೇ? (ಸಾಗರ)

ಅರ್ಧ ನಿಜ. ಫಿಲ್ಟರ್ ಶಟರನ್ನು ನಿಧಾನಗೊಳಿಸಿ ಮಸುಕಿನಲ್ಲಿ ಆ ಅಲೆಯನ್ನು ಮರೆಮಾಡುತ್ತದೆ, ಅದರ ಮೂಲವನ್ನು ತೆಗೆಯುವುದಿಲ್ಲ. ಕ್ಯಾಮೆರಾದ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಓದುವುದಿಲ್ಲ, ಮೇಲಿನ ಗೆರೆಯಿಂದ ಕೆಳಗಿನ ಗೆರೆಯವರೆಗೆ ಓದುತ್ತ ಬರುತ್ತದೆ. ಮೋಟಾರ್ ನಿಮಿಷಕ್ಕೆ 12,000 ಸುತ್ತು ತಿರುಗುತ್ತಿದ್ದರೆ ಅದರ ನಡುಕ ಸೆಕೆಂಡಿಗೆ 200 ಸಲ. ಹೀಗಾಗಿ ಒಂದೇ ಚಿತ್ರವನ್ನು ಓದಿ ಮುಗಿಸುವಷ್ಟರಲ್ಲಿ ಕ್ಯಾಮೆರಾ ಹಲವು ಸಲ ಅಲ್ಲಾಡಿರುತ್ತದೆ. ಮರ ಡೊಂಕಾಗಿ ಕಾಣುವುದು ಇದರಿಂದ.

ನಡುಕ ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಹುಡುಕಿ. ಹೊಸ ಪ್ರಾಪ್ ಹಾಕಿ ನೋಡಿ, ಅರ್ಧಕ್ಕರ್ಧ ಪ್ರಕರಣ ಅಲ್ಲೇ ಮುಗಿಯುತ್ತವೆ. ಹುಲ್ಲಿನಲ್ಲಿ ಇಳಿದಾಗ ಅಂಚಿನಲ್ಲಾದ ಸಣ್ಣ ಕಚ್ಚು ಕಣ್ಣಿಗೆ ಕಾಣದಿರಬಹುದು. ಉಗುರನ್ನು ಅಂಚಿನುದ್ದಕ್ಕೂ ಎಳೆದರೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಪ್ರಾಪ್ ತೆಗೆದು ಒಂದೊಂದು ಮೋಟಾರನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಿ, ಬೆಲ್‌ಗೂ ಅದರ ಕೆಳಗಿನ ಭಾಗಕ್ಕೂ ನಡುವಿನ ಸಂದನ್ನು ಬೆಳಕಿಗೆ ಹಿಡಿದು ನೋಡಿ. ಸಂದು ಒಂದು ಕಡೆ ಕಿರಿದಾಗುತ್ತ ಇನ್ನೊಂದು ಕಡೆ ಅಗಲವಾಗುತ್ತ ಹೋದರೆ ಮೋಟಾರಿನ ನಡುದಂಡ (ಶಾಫ್ಟ್) ಬಾಗಿದೆ. ಮರಳು ಅರೆದಂತೆ ಸದ್ದು ಬಂದರೆ ಬೇರಿಂಗ್ ಹೋಗಿದೆ. ಯಾವ ಮೋಟಾರ್ ಎಂದು ತಿಳಿಯದಿದ್ದರೆ ಒಂದು ನಿಮಿಷ ಒಂದೇ ಕಡೆ ನಿಲ್ಲಿಸಿ ಹಾರಿಸಿ, ಇಳಿಸಿ ಬ್ಯಾಟರಿ ಕಳಚಿ ನಾಲ್ಕನ್ನೂ ಮುಟ್ಟಿ ನೋಡಿ. ಒಂದೇ ಮೋಟಾರ್ ಉಳಿದವಕ್ಕಿಂತ ಬಿಸಿಯಿದ್ದರೆ ಅದನ್ನೇ ಹಿಡಿಯಿರಿ. ನಾಲ್ಕೂ ಮುಟ್ಟಲಾಗದಷ್ಟು ಬಿಸಿಯಿದ್ದರೆ ದೋಷ ಮೋಟಾರಿನದ್ದಲ್ಲ, ಟ್ಯೂನಿಂಗ್‌ನದ್ದು. ಬೀಟಾಫ್ಲೈಟ್‌ನಲ್ಲಿ ಡಿ ಮೌಲ್ಯ (ಅಲುಗಾಟ ತಗ್ಗಿಸುವ ಸೆಟ್ಟಿಂಗ್) ಇಳಿಸಬೇಕು.

ಕ್ಯಾಮೆರಾ ಹಿಡಿಕೆ ರಬ್ಬರಿನಂತೆ ಬಾಗುವ ಟಿಪಿಯು ಪ್ಲಾಸ್ಟಿಕ್‌ನಲ್ಲಿ ಮುದ್ರಿಸಿದ್ದಾಗಿರಲಿ. ಮೆತ್ತಗಿದ್ದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಬೆರಳಲ್ಲಿ ತಟ್ಟಿದಾಗ ಕ್ಯಾಮೆರಾ ತೂಗಾಡಿದರೆ ಆ ಹಿಡಿಕೆ ಹೊಸದೊಂದು ಅಲುಗಾಟವನ್ನು ತಾನೇ ಸೇರಿಸುತ್ತದೆ.

ಇಷ್ಟಾದ ಮೇಲೆ ಫಿಲ್ಟರ್. ಸೆಕೆಂಡಿಗೆ 30 ಫ್ರೇಮ್ ತೆಗೆಯುವಾಗ ಶಟರ್ 1/60 ಸೆಕೆಂಡ್ ಇಡುವುದು ವಾಡಿಕೆ. ನಡುಹಗಲಿನ ಬಿಸಿಲಿಗೆ ಎನ್‌ಡಿ 16 ಅಥವಾ 32, ನಿಮ್ಮ ಕಡೆಯ ಮೋಡ ಕವಿದ ದಿನಕ್ಕೆ ಎನ್‌ಡಿ 4 ಅಥವಾ 8 ಹೊಂದುತ್ತದೆ. ಆದರೆ ಗೈರೋಫ್ಲೋ ಬಳಸಿ ವಿಡಿಯೊ ಸ್ಥಿರಗೊಳಿಸುವ ಯೋಚನೆಯಿದ್ದರೆ ಲೆಕ್ಕ ಬೇರೆ. ಆ ಸಾಫ್ಟ್‌ವೇರ್ ಅಲುಗಾಟವನ್ನು ಸರಿಪಡಿಸುತ್ತದೆ, ಪ್ರತಿ ಫ್ರೇಮ್‌ನಲ್ಲಿ ಮೂಡಿದ ಮಸುಕನ್ನು ತೆಗೆಯಲಾರದು. ಚಿತ್ರ ನೆಟ್ಟಗೆ ನಿಂತಿದ್ದರೂ ಮಸುಕು ಮಾತ್ರ ಆಗಾಗ ಮಿಡಿಯುತ್ತ ಕಾಣುತ್ತದೆ. ಹಾಗಾಗಿ ಶಟರನ್ನು 1/120 ಅಥವಾ ಅದಕ್ಕೂ ವೇಗವಾಗಿ ಇಟ್ಟು ಹಗುರ ಫಿಲ್ಟರ್ ಹಾಕಿ. ಕ್ಯಾಮೆರಾದ ಸ್ವಂತ ಸ್ಥಿರೀಕರಣವನ್ನು ಆರಿಸಿಡಿ, ಎರಡೂ ಸೇರಿದರೆ ಚಿತ್ರ ಕೆಡುತ್ತದೆ.

ಪ್ರಶ್ನೆ: 249 ಗ್ರಾಂ ಡ್ರೋನ್‌ಗೆ ಯಾವ ನಿಯಮವೂ ಇಲ್ಲವಂತೆ. ಮನೆಯ ತಾರಸಿಯಿಂದ ಹಾರಿಸಬಹುದೆ? (ಯಲಹಂಕ)

ಖಂಡಿತ ಬೇಡ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೊ, ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೊ. ನ್ಯಾನೊಗೂ, ಹಣ ಪಡೆಯದೆ ಹಾರಿಸುವ ಮೈಕ್ರೊಗೂ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ರಿಯಾಯಿತಿ ಇಂಥವಕ್ಕೆ ಮಾತ್ರ. ಎಲ್ಲಿ ಹಾರಿಸಬಹುದು ಎಂಬುದು ತೂಕ ನೋಡಿ ಬದಲಾಗುವುದಿಲ್ಲ. ಯಲಹಂಕದಲ್ಲಿ ವಾಯುಪಡೆಯ ನೆಲೆಯಿದೆ, ಪಕ್ಕದಲ್ಲೇ ಜಕ್ಕೂರು ವಿಮಾನ ನಿಲ್ದಾಣ. ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಕೆಂಪು ಬಣ್ಣದ ಜಾಗದಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು, ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದವರ ಅನುಮತಿ. ಹಸಿರು ಜಾಗದಲ್ಲೂ ಮಿತಿ ನೆಲದಿಂದ 400 ಅಡಿ, ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ಒಳಗಾದರೆ 200 ಅಡಿ. ಹೊರಡುವ ದಿನವೇ ನಕ್ಷೆ ನೋಡಿ, ಬಣ್ಣ ಬದಲಾಗುತ್ತಿರುತ್ತದೆ.

ತೂಕ ಎಂದರೆ ಬ್ಯಾಟರಿ, ಕ್ಯಾಮೆರಾ, ಫಿಲ್ಟರ್, ಪಟ್ಟಿ ಎಲ್ಲ ಸೇರಿ. 249 ಗ್ರಾಂನದಕ್ಕೆ ಪ್ರಾಪ್ ಗಾರ್ಡ್ ಹಾಕಿದರೆ ಆಗಲೇ ಮೈಕ್ರೊ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಹಾರಲು ಸಿದ್ಧವಾದ ಸ್ಥಿತಿಯಲ್ಲೇ ತೂಗಿ. ಮದುವೆ ಚಿತ್ರೀಕರಣಕ್ಕೆ ಹಣ ತೆಗೆದುಕೊಂಡಿರೋ, ಆ ಕ್ಷಣದಿಂದ ಮೈಕ್ರೊಗೂ ಪೈಲಟ್ ಪ್ರಮಾಣಪತ್ರ ಕಡ್ಡಾಯ.

ಪ್ರಶ್ನೆ: ದೂರಕ್ಕೆ ಹೋಗಲು 915 ಮೆಗಾಹರ್ಟ್ಸ್ ರಿಸೀವರ್ ತರಿಸಲೇ? (ತುಮಕೂರು)

ಬೇಡ. ನಮ್ಮಲ್ಲಿ ಆ ಆವರ್ತನ ಪಟ್ಟಿ ಮೊಬೈಲ್ ಸೇವೆಗೆ ಸೇರಿದ್ದು. ಪರವಾನಗಿ ಬೇಡದ ಪಟ್ಟಿ 865–868. ರಿಮೋಟ್ ಸಂಪರ್ಕದ ಸಾಫ್ಟ್‌ವೇರ್ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್‌ನಲ್ಲಿ ಭಾರತಕ್ಕೆಂದೇ 866 ಆಯ್ಕೆಯಿದೆ. ಕಣ್ಣಳತೆಯಲ್ಲಿ ಹಾರಿಸುವವರಿಗೆ 2.4 ಗಿಗಾಹರ್ಟ್ಸ್ ಧಾರಾಳ ಸಾಕು. ಯಾವುದೇ ಆದರೂ ಆಂಟೆನಾ ಹಾಕದೆ ಟ್ರಾನ್ಸ್‌ಮಿಟರ್ ಚಾಲೂ ಮಾಡಬೇಡಿ, ಸುಡುತ್ತದೆ.

ಪ್ರಶ್ನೆ: ಅಡಿಕೆ ತೋಟದಿಂದ ಹಾರಿಸುತ್ತೇನೆ. ಸಿಗ್ನಲ್ ಹೋದರೆ ಡ್ರೋನನ್ನು ತಾನಾಗಿಯೇ ಹಿಂದಕ್ಕೆ ತರುವ ಜಿಪಿಎಸ್ ರೆಸ್ಕ್ಯೂ ನಂಬಬಹುದೆ? (ಪುತ್ತೂರು)

ಮರದಡಿಯಿಂದ ಏರಿಸಿದರೆ ನಂಬಬೇಡಿ. ಡ್ರೋನ್ ಮರಳಬೇಕಾದ ಜಾಗ ಗುರುತಾಗುವುದು ಆರ್ಮ್ ಮಾಡಿದ ಕ್ಷಣದಲ್ಲಿ, ಸೋಗೆಗಳ ಕೆಳಗೆ ಉಪಗ್ರಹ ಸರಿಯಾಗಿ ಸಿಗುವುದಿಲ್ಲ. ಅಂಗಳ ಅಥವಾ ಗದ್ದೆಯಿಂದ ಹೊರಡಿ. ಕನಿಷ್ಠ 8 ಉಪಗ್ರಹ ಸಿಗುವವರೆಗೆ ಕಾಯಿರಿ, ಬಹಳ ದಿನದ ಮೇಲೆ ಚಾಲೂ ಮಾಡಿದರೆ ಕೆಲವು ನಿಮಿಷ ಹಿಡಿಯುತ್ತದೆ. ಮರಳುವ ಎತ್ತರ ತೋಟದ ಅತಿ ಎತ್ತರದ ಮರಕ್ಕಿಂತ 20 ಮೀಟರ್ ಮೇಲಿರಲಿ. ಕ್ಯಾಮೆರಾ ರೆಕಾರ್ಡಿಂಗ್ ಶುರುವಾದೊಡನೆ ಉಪಗ್ರಹದ ಸಂಖ್ಯೆ ಕುಸಿದರೆ ಕ್ಯಾಮೆರಾದ ವಿದ್ಯುತ್ ಗದ್ದಲವೇ ಕಾರಣ. ಜಿಪಿಎಸ್ಸನ್ನು ಹಿಂದಿನ ತುದಿಗೆ, ಸಣ್ಣ ಕಂಬದ ಮೇಲೆ ಏರಿಸಿ. ದಿಕ್ಸೂಚಿ ಸರಿಯಾಗಿ ಹೊಂದಿಸಲಾಗದಿದ್ದರೆ ಅದನ್ನು ಆರಿಸಿಡುವುದೇ ಮೇಲು, ತಪ್ಪು ದಿಕ್ಕು ಹೇಳುವ ದಿಕ್ಸೂಚಿ ಡ್ರೋನನ್ನು ಎಲ್ಲಿಗೋ ಕರೆದೊಯ್ಯುತ್ತದೆ. ನಿಜವಾಗಿ ಬೇಕಾಗುವ ಮೊದಲು ಬಯಲಿನಲ್ಲಿ 100 ಮೀಟರ್ ಆಚೆಯಿಂದ ಸ್ವಿಚ್ ಒತ್ತಿ ಪರೀಕ್ಷಿಸಿ.

ಪ್ರಶ್ನೆ: ಮುಂಗಾರು ಶುರುವಾದಾಗ ತುಂಬಿಸಿಟ್ಟ ಬ್ಯಾಟರಿ ಈಗ ಉಬ್ಬಿದೆ. ಸೂಜಿಯಿಂದ ಗಾಳಿ ತೆಗೆಯಬಹುದೆ? (ಚಿಕ್ಕಮಗಳೂರು)

ದಯವಿಟ್ಟು ಚುಚ್ಚಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಉಬ್ಬಿದ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಮತ್ತೆ ಸರಿಯಾಗದು, ಮತ್ತೆ ಚಾರ್ಜ್ ಕೂಡ ಮಾಡಬಾರದು. ಮನೆಯ ಹೊರಗೆ, ಮರಳು ಹಾಕಿದ ಮಣ್ಣಿನ ಕುಂಡದಲ್ಲಿಟ್ಟು, ಮೇಲೆ ಹೇಳಿದ ಕಾರಿನ ಬಲ್ಬ್ ಎರಡನ್ನು ಸರಣಿಯಲ್ಲಿ ಜೋಡಿಸಿ ಪೂರ್ತಿ ಖಾಲಿ ಮಾಡಿ. ಬಲ್ಬ್ ಆರಿದ ಮೇಲೂ ಒಂದು ದಿನ ಹಾಗೇ ಬಿಡಿ, ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಪೂರ್ತಿ ತುಂಬಿದ ಸೆಲ್ 4.2 ವೋಲ್ಟ್. ಆ ಸ್ಥಿತಿಯಲ್ಲಿ ವಾರಗಟ್ಟಲೆ ಇಟ್ಟರೆ ಒಳಗೆ ಅನಿಲ ಹುಟ್ಟುತ್ತದೆ. ಎರಡು ಮೂರು ದಿನದಲ್ಲಿ ಹಾರಿಸುವುದಿಲ್ಲ ಎಂದಾದರೆ ಚಾರ್ಜರಿನ ಸ್ಟೋರೇಜ್ ಆಯ್ಕೆಯಲ್ಲಿ ಪ್ರತಿ ಸೆಲ್ಲನ್ನು 3.8 ವೋಲ್ಟ್‌ಗೆ ತನ್ನಿ. ಮಳೆಗಾಲ ಪೂರ್ತಿ ಇಡುವುದಾದರೆ ತಿಂಗಳಿಗೊಮ್ಮೆ ಅಳೆಯಿರಿ. ಹಾರಾಟದಲ್ಲಿ ಸೆಲ್ 3.5ಕ್ಕೆ ಬಂದಾಗ ಇಳಿಸಿ. ಚಾರ್ಜ್ ಒಂದು ಸಿ ದರದಲ್ಲಿ, ಅಂದರೆ 1300 ಎಂಎಎಚ್ ಬ್ಯಾಟರಿಗೆ 1.3 ಆಂಪಿಯರ್. ಚಾರ್ಜ್ ಆಗುವಷ್ಟು ಹೊತ್ತೂ ಹತ್ತಿರದಲ್ಲೇ ಇರಿ.