ಬೀದಿ ನಾಯಿ ವಿಚಾರಕ್ಕೆ ಎರಡು ಬಣವಾದ ನೆರೆಹೊರೆಯವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ನಿಮ್ಮ ಬೀದಿಯಲ್ಲಿ ನಾಯಿಗಳ ವಿಚಾರಕ್ಕೆ ಎರಡು ಬಣವಾಗಿವೆ. ವಾಟ್ಸಾಪ್ ಗುಂಪಿನಲ್ಲಿ ದಿನಾ ಜಗಳ. ಎದುರುಮನೆಯವರು ಮುಖ ಕೊಟ್ಟು ಮಾತಾಡುತ್ತಿಲ್ಲ. ಎಲ್ಲರನ್ನೂ ಒಂದು ಕಡೆ ಕೂರಿಸಿ ಮರ್ಯಾದೆಯಿಂದ ಮಾತಾಡಿಸೋಕೆ ಆಗುತ್ತಾ? ಯಾರಾದರೂ ಬರದೇ ಹೋದರೆ ಏನು ಮಾಡಬೇಕು?

ಆಗುತ್ತದೆ. ನಾನಿರುವುದು ಬೆಂಗಳೂರಿನ ಒಂದು ಹಳೇ ಬಡಾವಣೆಯಲ್ಲಿ. ನಮ್ಮ ಅಡ್ಡರಸ್ತೆಯಲ್ಲೂ ಇದೇ ಜಗಳ ಇತ್ತು. ಕೆಲವು ಮನೆಯವರು ಸೇರಿ ಎಲ್ಲರನ್ನೂ ಕೂರಿಸಿದೆವು. ಅಲ್ಲಿ ಕಂಡದ್ದನ್ನು ಇಟ್ಟುಕೊಂಡು ಹೇಳುತ್ತೇನೆ. ನನ್ನ ಪ್ರಕಾರ ಇದರಲ್ಲಿ ಮುಖ್ಯವಾದದ್ದು ಒಂದೇ: ಜನರ ಅಭಿಪ್ರಾಯ ಕೇಳಬೇಡಿ, ಅವರಿಗೆ ಏನಾಯಿತು ಅಂತ ಕೇಳಿ.

"ನಾಯಿ ಇರಬೇಕಾ, ಬೇಡವಾ?" ಅಂದ ತಕ್ಷಣ ಬೀದಿ ಎರಡು ಭಾಗವಾಗುತ್ತದೆ. ಒಂದು ಪಕ್ಷ ಹಿಡಿದವರು ಆಮೇಲೆ ಅದನ್ನು ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಟ್ಟರೆ ಸೋತ ಹಾಗೆ ಅಲ್ವಾ? ಅದೇ "ನಾಯಿ ನಿಮ್ಮನ್ನು ಎಲ್ಲಿ ಅಟ್ಟಿಸಿಕೊಂಡು ಬಂತು? ಎಷ್ಟು ಹೊತ್ತಿಗೆ? ನಡೆದು ಹೋಗ್ತಿದ್ರಾ, ಗಾಡಿಯಲ್ಲಿದ್ರಾ?" ಅಂತ ಕೇಳಿ ನೋಡಿ. ಉತ್ತರ ಹೇಳುವವರು ಒಂದು ಕ್ಷಣ ನೆನಪು ಮಾಡಿಕೊಳ್ಳುತ್ತಾರೆ. ಕೇಳುವವರಿಗೂ ವಾದ ಮಾಡಲು ಏನೂ ಸಿಗುವುದಿಲ್ಲ. ಒಬ್ಬರಿಗೆ ಭಯವಾದದ್ದನ್ನು ಇನ್ನೊಬ್ಬರು "ಇಲ್ಲ, ನಿಮಗೆ ಭಯವಾಗಲಿಲ್ಲ" ಅನ್ನಲು ಬರುವುದಿಲ್ಲ.

ಸಭೆಗೆ ಮೊದಲು ಮನೆಮನೆಗೆ ಹೋಗಿ. ಇದನ್ನು ತಪ್ಪಿಸಬೇಡಿ. ಗುಂಪಿನಲ್ಲಿ "ಭಾನುವಾರ ಮೀಟಿಂಗ್ ಇದೆ, ಎಲ್ಲರೂ ಬನ್ನಿ" ಅಂತ ಹಾಕಿದರೆ ಬರುವವರು ಜಗಳಕ್ಕೆ ತಯಾರಾಗಿರುವ ನಾಲ್ಕು ಜನ ಮಾತ್ರ. ಬಾಗಿಲು ತಟ್ಟಿ, ಐದು ನಿಮಿಷ ಕೂತು, ಮೇಲಿನ ಪ್ರಶ್ನೆಗಳನ್ನೇ ಕೇಳಿ. ನಿಮ್ಮ ಅಭಿಪ್ರಾಯ ಹೇಳಬೇಡಿ. ಹೋಗುವಾಗ ಎರಡು ಕಡೆಯವರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ನಾಯಿಗಳಿಗೆ ಅನ್ನ ಹಾಕುವ ಒಬ್ಬರು, ನಾಯಿ ಕಂಡರೆ ಆಗದ ಒಬ್ಬ ನಿವೃತ್ತ ಮೇಷ್ಟ್ರು ಒಟ್ಟಿಗೆ ಹೋದರು. ಬಾಗಿಲು ತೆಗೆದವರಿಗೆ ಅವರಿಬ್ಬರನ್ನು ಜೊತೆಯಲ್ಲಿ ನೋಡಿಯೇ ಅರ್ಧ ಸಿಟ್ಟು ಇಳಿಯುತ್ತಿತ್ತು.

ಯಾರ ಮನೆಗೆ ಹೋಗುತ್ತೀರಿ ಅನ್ನುವುದೂ ಮುಖ್ಯ. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಇರುವವರು ಹೆಚ್ಚಾಗಿ ಸ್ವಂತ ಮನೆಯವರು. ಬಾಡಿಗೆಯವರು, ಮೂರನೇ ಮಹಡಿಯ ಒಂಟಿ ಕೋಣೆಯ ಹುಡುಗರು, ರಾತ್ರಿ ಪಾಳಿ ಮುಗಿಸಿ ಬರುವ ಕ್ಯಾಬ್ ಡ್ರೈವರ್, ಬೆಳಿಗ್ಗೆ ಆರಕ್ಕೇ ಮನೆಕೆಲಸಕ್ಕೆ ಬರುವ ಹೆಂಗಸರು, ಪೌರಕಾರ್ಮಿಕರು, ಹಾಲು ಪೇಪರ್ ಹಾಕುವವರು ಅದರಲ್ಲಿ ಇರುವುದಿಲ್ಲ. ಆದರೆ ನಾಯಿಗಳ ಜೊತೆ ಜಾಸ್ತಿ ವ್ಯವಹಾರ ಇರುವುದು ಇವರಿಗೇ. ಕಾರಿನಲ್ಲಿ ಗೇಟಿನೊಳಗೆ ಹೋಗುವವರಿಗೆ ಬೀದಿಯ ನಾಯಿ ಸರಿಯಾಗಿ ಗೊತ್ತಿರುವುದಿಲ್ಲ. ನಮ್ಮ ಬೀದಿ ಗುಡಿಸುವ ಅಮ್ಮ ಹೇಳಿದ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ: "ಕಚ್ಚಕ್ಕೆ ಬರೋದು ಒಂದೇ ನಾಯಿ. ಖಾಲಿ ಸೈಟಲ್ಲಿ ಮರಿ ಹಾಕೈತೆ. ಆ ಕಡೆ ಪೊರಕೆ ಹಿಡ್ಕೊಂಡು ಹೋದ್ರೆ ಮೇಲೆ ಬೀಳ್ತೈತೆ, ಬೇರೆ ಟೈಮಲ್ಲಿ ಏನೂ ಮಾಡಲ್ಲ." ವಾಟ್ಸಾಪ್‌ನಲ್ಲಿ ತಿಂಗಳುಗಟ್ಟಲೆ ನಡೆದ ವಾದದಲ್ಲಿ ಇಷ್ಟು ಉಪಯೋಗದ ಮಾತು ಒಂದೂ ಇರಲಿಲ್ಲ.

ಹಳ್ಳಿಯ ಅರಳಿಕಟ್ಟೆಯನ್ನು ನೆನೆದು "ಆಗೆಲ್ಲಾ ಎಷ್ಟು ಚೆನ್ನಾಗಿ ಕೂತು ಬಗೆಹರಿಸ್ಕೋತಿದ್ರು" ಅನ್ನುವವರಿದ್ದಾರೆ. ಆ ಕಟ್ಟೆಯ ಮೇಲೆ ಹೆಂಗಸರು ಕೂರುತ್ತಿರಲಿಲ್ಲ, ದಲಿತರು ದೂರ ನಿಲ್ಲಬೇಕಿತ್ತು. ಅದು ನಮಗೆ ಮಾದರಿಯಾಗುವುದು ಬೇಡ. ನಮ್ಮ ಪಂಚಾಯತ್ ರಾಜ್ ಕಾನೂನು ವಾರ್ಡ್ ಸಭೆಗೆ ಬಂದವರಲ್ಲಿ ಶೇ 30ರಷ್ಟು ಹೆಂಗಸರಿರಬೇಕು ಅಂತ ಬರೆದದ್ದಕ್ಕೆ ಕಾರಣ ಇದೆ. ನಿಮ್ಮ ಬೀದಿಯ ಸಭೆಗೆ ಯಾವ ಕಾನೂನೂ ಇಲ್ಲ. ಹಾಗಾಗಿ ಯಾರು ಬರಲಿಲ್ಲ ಅಂತ ಲೆಕ್ಕ ಇಡುವುದು ನಿಮ್ಮದೇ ಕೆಲಸ.

ಇನ್ನು ಸಭೆಯ ಜಾಗ. ಯಾವ ಬಣದವರ ಮನೆಯೂ ಬೇಡ. ಪಕ್ಷದ ಕಚೇರಿ ಬೇಡ. ದೇವಸ್ಥಾನದ ಹಾಲ್‌ಗೂ ಕೆಲವರು ಬರಲು ಹಿಂಜರಿಯುತ್ತಾರೆ. ಸರ್ಕಾರಿ ಶಾಲೆಯ ಜಗಲಿ, ಪಾರ್ಕಿನ ಮೂಲೆ, ಯಾರಿಗೂ ಸೇರದ ನೆರಳು ಇದ್ದರೆ ಸಾಕು. ಕುರ್ಚಿಗಳನ್ನು ದುಂಡಗೆ ಹಾಕಿ. ವೇದಿಕೆ, ಮೈಕು, ಅಧ್ಯಕ್ಷರು, ಹಾರ, ಶಾಲು ಯಾವುದೂ ಬೇಡ. ಮೈಕ್ ಕೈಗೆ ಬಂದ ಕೂಡಲೇ ನಮ್ಮ ಜನ ಭಾಷಣ ಶುರು ಮಾಡುತ್ತಾರೆ. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲಿನ ಹೊತ್ತು ಒಳ್ಳೆಯದು. ಸಂಜೆ ಇಟ್ಟರೆ ಅಡುಗೆ, ಮಕ್ಕಳ ಹೋಂವರ್ಕ್ ಅಂತ ಹೆಂಗಸರಿಗೆ ಬರಲು ಆಗುವುದಿಲ್ಲ. ಕನ್ನಡ ಅಷ್ಟಾಗಿ ಬಾರದ ತಮಿಳು, ತೆಲುಗು, ಉರ್ದು, ಹಿಂದಿಯವರು ಇದ್ದರೆ ಪಕ್ಕದಲ್ಲಿ ಒಬ್ಬರು ಕೂತು ಹೇಳುತ್ತಾ ಹೋಗಲಿ. ಅವರು ಅವರ ಭಾಷೆಯಲ್ಲೇ ಮಾತಾಡಲಿ.

ಸಭೆ ಶುರುವಾಗುವಾಗಲೇ ಒಂದು ವಿಷಯ ಸ್ಪಷ್ಟ ಮಾಡಿ: ಏನೇನು ನಮ್ಮ ಕೈಯಲ್ಲಿಲ್ಲ ಅನ್ನುವುದು. ಇದನ್ನು ಬಿಟ್ಟರೆ ಇಡೀ ಹೊತ್ತು "ಎಲ್ಲಾ ನಾಯಿ ಹಿಡಿದು ಊರಾಚೆ ಬಿಡಿಸಿ" ಅನ್ನುವುದರ ಸುತ್ತಲೇ ಸುತ್ತುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿದ ನಾಯಿಯನ್ನು ಹಿಡಿದ ಜಾಗಕ್ಕೇ ತಂದು ಬಿಡಬೇಕು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ರೇಬೀಸ್ ಬಂದ ಅಥವಾ ಮೇಲೆರಗುವ ಸ್ವಭಾವದ ನಾಯಿಗಳನ್ನು ಮಾತ್ರ ಹೊರತುಪಡಿಸಿತು. ಎಲ್ಲೆಂದರಲ್ಲಿ ಊಟ ಹಾಕುವಂತಿಲ್ಲ, ಅದಕ್ಕೆ ಜಾಗ ಗೊತ್ತು ಮಾಡಬೇಕು ಅಂತಲೂ ಹೇಳಿತು. ಅದೇ ವರ್ಷ ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜಾಗಗಳಿಗೆ: ಅಲ್ಲಿ ಹಿಡಿದ ನಾಯಿಯನ್ನು ಮತ್ತೆ ಅಲ್ಲೇ ಬಿಡಬಾರದು. ವಿಷ ಹಾಕುವುದು, ಹೊಡೆದು ಕೊಲ್ಲುವುದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು ಆಗಬಹುದು. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಇಬ್ಬರು ಬೇರೆ ಬೇರೆ ಬಣದವರಿಂದ ಓದಿಸಿ. ಇದರಲ್ಲಿ ಎರಡೂ ಕಡೆಯವರಿಗೆ ಕಹಿಯಾದದ್ದು ಇದೆ. ನಾಯಿಯನ್ನು ಓಡಿಸಲು ಆಗದು, ಬೇಕಾದ ಕಡೆ ಅನ್ನ ಹಾಕಲೂ ಆಗದು.

ಆಮೇಲೆ ನಮ್ಮ ಕೈಯಲ್ಲಿ ಏನಿದೆ ಅಂತ ನೋಡುವುದು. ನಾವು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬೀದಿಯ ನಕ್ಷೆ ಬರೆದೆವು. ಮನೆಗಳು, ಟ್ರಾನ್ಸ್‌ಫಾರ್ಮರ್, ಕೋಳಿ ಅಂಗಡಿ, ಖಾಲಿ ಸೈಟು, ಶಾಲಾ ವ್ಯಾನ್ ನಿಲ್ಲುವ ಜಾಗ. ಒಬ್ಬರು ಎರಡು ಬಣ್ಣದ ಬಿಂದಿ ಹಾಳೆ ತಂದಿದ್ದರು. ನಾಯಿ ಅಟ್ಟಿಸಿಕೊಂಡು ಬಂದ, ಕಚ್ಚಿದ ಜಾಗಕ್ಕೆ ಕೆಂಪು ಬಿಂದಿ. ಊಟ ಹಾಕುವ ಜಾಗಕ್ಕೆ ಹಸಿರು. ಒಬ್ಬೊಬ್ಬರೇ ಬಂದು ಏನಾಯಿತು ಅಂತ ಎರಡು ಮಾತು ಹೇಳಿ ಅಂಟಿಸುವುದು. ಉಳಿದವರು ಉತ್ತರ ಕೊಡುವಂತಿಲ್ಲ. ಅಷ್ಟೇ ನಿಯಮ.

ಎಲ್ಲರೂ ಅಂಟಿಸಿ ಆದಾಗ ಕೆಂಪು ಬಿಂದಿಗಳು ಬೀದಿ ತುಂಬ ಹರಡಿರಲಿಲ್ಲ. ಮೂರು ಕಡೆ ಗುಂಪಾಗಿದ್ದವು. ಜನ ಕಸದ ಚೀಲ ಎಸೆಯುವ ಖಾಲಿ ಸೈಟಿನ ಎದುರು. ಕೋಳಿ ಅಂಗಡಿಯ ಮೂಲೆಯಲ್ಲಿ. ಇನ್ನೊಂದು ಶಾಲಾ ವ್ಯಾನ್ ನಿಲ್ಲುವ ಕಡೆ. ಅಲ್ಲಿ ಮಾತ್ರ ಕೆಂಪಿನ ಪಕ್ಕದಲ್ಲೇ ಹಸಿರು ಬಿಂದಿ ಇತ್ತು. ಅನ್ನ ಹಾಕುವ ಹೆಣ್ಣುಮಗಳು ಅದನ್ನು ನೋಡಿ ತಾನೇ ಎದ್ದು ಬಂದು, ಆ ಹಸಿರು ಬಿಂದಿ ಕಿತ್ತು, ರಸ್ತೆಯ ಇನ್ನೊಂದು ತುದಿಯ ಗೋಡೆಯ ಹತ್ತಿರ ಅಂಟಿಸಿದರು. ಯಾರೂ ಆಕೆಗೆ ಹೇಳಿರಲಿಲ್ಲ. ಅದೇ ಮಾತನ್ನು ಗುಂಪಿನಲ್ಲಿ ಎಷ್ಟೋ ಸಲ ಬೈಗುಳದ ಜೊತೆ ಹೇಳಿದ್ದರು, ಆಗ ಆಕೆ ಒಪ್ಪಿರಲಿಲ್ಲ. ಇನ್ನೊಂದು ಕಡೆ, ಎಲ್ಲದಕ್ಕೂ ಅನ್ನ ಹಾಕುವವರೇ ಕಾರಣ ಅನ್ನುತ್ತಿದ್ದವರಿಗೆ ಕಸದ ಸೈಟಿನ ಮುಂದೆ ಅಷ್ಟು ಕೆಂಪು ಕಂಡಿತು. ಅಲ್ಲಿ ಕಸ ಎಸೆಯುವವರಲ್ಲಿ ಎರಡೂ ಬಣದವರು ಇದ್ದರು.

2023ರ ನಿಯಮದಲ್ಲಿ ಊಟದ ಜಾಗ ಹೇಗಿರಬೇಕು ಅಂತ ಚೆನ್ನಾಗಿಯೇ ಬರೆದಿದ್ದಾರೆ. ಮಕ್ಕಳು ಆಡುವ ಕಡೆ, ಓಡಾಡುವ ಬಾಗಿಲು, ಮೆಟ್ಟಿಲುಗಳಿಂದ ದೂರ ಇರಬೇಕು. ಮಕ್ಕಳು, ವಯಸ್ಸಾದವರು ಓಡಾಡದ ಹೊತ್ತಿನಲ್ಲಿ ಹಾಕಬೇಕು. ಹಾಕಿದವರೇ ಜಾಗ ಸ್ವಚ್ಛ ಮಾಡಬೇಕು. ಜಾಗ ಗೊತ್ತು ಮಾಡುವ ಹೊಣೆ ನಿವಾಸಿಗಳ ಸಂಘದ್ದು, ಅದೂ ಪರಸ್ಪರ ಒಪ್ಪಿ. ಒಮ್ಮತ ಆಗದಿದ್ದರೆ ಪಶುವೈದ್ಯಾಧಿಕಾರಿ, ಪೊಲೀಸ್ ಪ್ರತಿನಿಧಿ, ದೂರು ಕೊಟ್ಟವರು, ಸಂಘದವರು ಎಲ್ಲರೂ ಇರುವ ಸಮಿತಿಗೆ ಹೋಗಬಹುದು. ನಿಮ್ಮ ಬೀದಿಯಲ್ಲಿ ಮಾತು ಮುರಿದುಬಿದ್ದರೆ ಈ ದಾರಿ ಇದೆ.

ನಾಯಿಗಳ ಲೆಕ್ಕವನ್ನೂ ಒಟ್ಟಿಗೇ ಮಾಡಿ. ಒಬ್ಬರು "ಮೂವತ್ತು ನಾಯಿ ಇವೆ" ಅಂತಾರೆ, ಇನ್ನೊಬ್ಬರು "ಐದೋ ಆರೋ" ಅಂತಾರೆ. ಬೆಳಗಿನ ಜಾವ ಎರಡೂ ಕಡೆಯವರು ಜೊತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಆಪರೇಷನ್ ಆದ ನಾಯಿಯ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿರುತ್ತಾರೆ. ಕಿವಿ ನೋಡಿದರೆ ಯಾವುದಕ್ಕೆ ಆಗಿದೆ, ಯಾವುದಕ್ಕೆ ಆಗಿಲ್ಲ ಗೊತ್ತಾಗುತ್ತದೆ. ಪಾಲಿಕೆಯ 2023ರ ಸಮೀಕ್ಷೆಯಲ್ಲಿ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು, 2019ರಲ್ಲಿ 3.1 ಲಕ್ಷ ಇದ್ದವು. ಊರಿನ ಲೆಕ್ಕ ಹಾಗಿರಲಿ, ನಿಮ್ಮ ಬೀದಿಗೆ ಬೇಕಾದದ್ದು ನಿಮ್ಮ ಬೀದಿಯ ಲೆಕ್ಕ. ನಮ್ಮಲ್ಲಿ ಹನ್ನೊಂದು ಸಿಕ್ಕಿದವು. ಕಿವಿ ಕತ್ತರಿಸದವು ಎರಡೇ, ಅದರಲ್ಲಿ ಒಂದು ಆ ಮರಿ ಹಾಕಿದ ತಾಯಿ. ಮರಿಗಳು ಹಾಲು ಬಿಡುವ ತನಕ ಆ ಕಡೆ ಗುಡಿಸುವಾಗ ಅನ್ನ ಹಾಕುವವರಲ್ಲಿ ಒಬ್ಬರು ಜೊತೆಗೆ ನಿಲ್ಲುವುದು, ಆಮೇಲೆ ಆಪರೇಷನ್‌ಗೆ ಅರ್ಜಿ ಕೊಡುವುದು ಅಂತ ಆಯಿತು. ಅರ್ಜಿಗೆ ಎರಡೂ ಬಣದವರು ಸಹಿ ಹಾಕಿದರು. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಇಂಥ ಊರಿನಲ್ಲಿ ಒಂದೇ ಬೀದಿಯಿಂದ ಒಂದಕ್ಕೊಂದು ವಿರುದ್ಧವಾದ ಎರಡು ಅರ್ಜಿ ಹೋದರೆ ಯಾವ ಅಧಿಕಾರಿ ತಲೆ ಕೆಡಿಸಿಕೊಳ್ಳುತ್ತಾರೆ? ಎಲ್ಲರ ಸಹಿಯಿರುವ ಒಂದೇ ಅರ್ಜಿಯನ್ನು ಪಕ್ಕಕ್ಕೆ ಸರಿಸುವುದು ಕಷ್ಟ.

ಮರ್ಯಾದೆಯ ವಿಷಯಕ್ಕೆ ಬರುತ್ತೇನೆ. ನನ್ನ ಮನಸ್ಸಿಗೆ ತೀರಾ ಹತ್ತಿರದ ಎರಡು ವಿಷಯ ಇವೆ.

ನಾಯಿ ಕಚ್ಚಿದ ಮಗುವಿನ ತಾಯಿ ಸಭೆಗೆ ಬಂದರೆ, "ಪಾಪ, ಮೂಕಪ್ರಾಣಿ, ಅರ್ಥ ಮಾಡಿಕೊಳ್ಳಿ" ಅಂತ ಯಾರೂ ಹೇಳಬಾರದು. ಅವಳು ಮಗುವನ್ನು ಎತ್ತಿಕೊಂಡು ಓಡಿದ್ದಾಳೆ, ಸೋಪು ಹಾಕಿ ಹದಿನೈದು ನಿಮಿಷ ಗಾಯ ತೊಳೆದಿದ್ದಾಳೆ, ಒಂದಾದ ಮೇಲೊಂದು ಇಂಜೆಕ್ಷನ್ ಕೊಡಿಸುತ್ತಾ ಪ್ರತಿ ಸಲವೂ ಹೆದರಿದ್ದಾಳೆ. ರೇಬೀಸ್ ಲಕ್ಷಣ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ ಅಂತ ಅವಳಿಗೆ ಗೊತ್ತು. ಅವಳ ಮಾತು ಮುಗಿದ ಮೇಲೆ ಸಭೆ ನಡೆಸುವವರು ಅವಳು ಹೇಳಿದ್ದನ್ನು ಹಾಗೇ ತಿರುಗಿ ಹೇಳಿ, "ನೀವು ಹೇಳಿದ್ದು ಇದೇ ಅಲ್ವಾ?" ಅಂತ ಕೇಳಬೇಕು. ಅವಳು ಹೌದು ಅಂದ ಮೇಲೆ ಮುಂದಿನವರು.

ಹಾಗೇ, ನಾಯಿಗೆ ಅನ್ನ ಹಾಕುವವರಲ್ಲಿ ಒಂಟಿ ಹೆಂಗಸರೂ ಇರುತ್ತಾರೆ. ಅವರ ಮೇಲಿನ ಸಿಟ್ಟು ಬಹಳ ಬೇಗ ಅವರ ನಡತೆಯ ಕಡೆಗೆ ತಿರುಗುತ್ತದೆ. "ಗಂಡ ಮಕ್ಕಳಿಲ್ಲ, ಅದಕ್ಕೇ" ಅನ್ನುವ ಮಾತು ಒಂದು ಸಲ ಬಂದರೂ ಅಲ್ಲೇ ನಿಲ್ಲಿಸಿ. ಜೋರಾಗಿ ನಿಲ್ಲಿಸಿ. ಆಡಿದವರು ಹಿರಿಯರು ಅಂತ ಸುಮ್ನೆ ಬಿಡಬೇಡಿ. ಆ ಮಾತು ದಾಟಿ ಹೋದರೆ ಆಮೇಲೆ ಯಾವ ಹೆಂಗಸೂ ಆ ಸಭೆಯಲ್ಲಿ ಬಾಯಿ ಬಿಡುವುದಿಲ್ಲ.

ಎಲ್ಲರೂ ಒಂದಾಗುತ್ತಾರೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ. ನಮ್ಮ ಮೇಷ್ಟ್ರಿಗೆ ಇವತ್ತಿಗೂ ಬೀದಿಯಲ್ಲಿ ಒಂದೂ ನಾಯಿ ಇರಬಾರದು. ಅವರು ಅದನ್ನು ಎಲ್ಲರೆದುರೇ ಹೇಳುತ್ತಾರೆ. ಆದರೆ ಖಾಲಿ ಸೈಟಿಗೆ ಬೇಲಿ ಹಾಕಿಸಲು ಮಾಲೀಕರನ್ನು ಹುಡುಕಿ ಫೋನ್ ಮಾಡಿದವರು, ಕೋಳಿ ಅಂಗಡಿಯವರ ಹತ್ತಿರ ಕೂತು ತ್ಯಾಜ್ಯವನ್ನು ಮುಚ್ಚಿದ ಡ್ರಮ್ಮಿನಲ್ಲಿ ಇಡುವ ಮಾತು ಪಡೆದವರು ಅವರೇ. ಅವರ ನಿಲುವು ಬದಲಾಗದೆಯೂ ಬೀದಿಯಲ್ಲಿ ಕೆಲಸ ಆಯಿತು. ವ್ಯಾನ್ ನಿಲ್ಲುವ ಕಡೆ ಮಕ್ಕಳು ಈಗ ಅಪ್ಪ ಅಮ್ಮನ ಕೈ ಬಿಟ್ಟು ನಿಲ್ಲುತ್ತಾರೆ. ಕಸದ ಸೈಟಿನ ಸಮಸ್ಯೆ ಮಾತ್ರ ಪೂರ್ತಿ ಹೋಗಿಲ್ಲ. ರಾತ್ರಿ ಹೊತ್ತು ಬೇರೆ ರಸ್ತೆಯವರು ಗಾಡಿಯಲ್ಲಿ ಬಂದು ಚೀಲ ಎಸೆದು ಹೋಗುತ್ತಾರೆ. ಹಾಗಾಗಿ ಈಗ ಪಕ್ಕದ ಅಡ್ಡರಸ್ತೆಯವರ ಜೊತೆ ಕೂರಬೇಕಾಗಿದೆ.

ನಿಮ್ಮ ಕೊನೆಯ ಪ್ರಶ್ನೆ, ಬರದವರ ಬಗ್ಗೆ. ಜೋರಾಗಿ ಕೂಗಾಡುವ ಒಂದಿಬ್ಬರು ಖಂಡಿತ ಬರುವುದಿಲ್ಲ. ಅವರಿಗಾಗಿ ಸಭೆ ಮುಂದೂಡಬೇಡಿ, ಅವರಿಲ್ಲದಾಗ ಅವರ ಬಗ್ಗೆ ಮಾತಾಡಲೂ ಬಿಡಬೇಡಿ. ತೀರ್ಮಾನಗಳನ್ನು ಒಂದೇ ಪುಟದಲ್ಲಿ ಬರೆದು, ಅವತ್ತೇ ಸಂಜೆ ಅವರ ಮನೆಗೆ ತೆಗೆದುಕೊಂಡು ಹೋಗಿ. ಗುಂಪಿಗೆ ಹಾಕುವ ಮೊದಲು ಅವರಿಗೆ ತೋರಿಸಿ. "ಇದರಲ್ಲಿ ನಿಮಗೆ ತೊಂದರೆಯಾಗುವಂಥದ್ದು ಏನಾದರೂ ಇದೆಯಾ?" ಅಂತ ಕೇಳಿ, ಅವರು ಹೇಳಿದ್ದನ್ನು ಅದೇ ಹಾಳೆಯ ಕೆಳಗೆ ಅವರೆದುರೇ ಬರೆದುಕೊಳ್ಳಿ. ಮುಂದಿನ ಸಭೆಯ ದಿನವನ್ನೂ ಹೇಳಿ ಬನ್ನಿ. ನಮ್ಮಲ್ಲಿ ಹಾಗೆ ಬರೆದುಕೊಂಡ ಒಂದು ಮಾತು, ಊಟ ಹಾಕುವ ಹೊತ್ತನ್ನು ರಾತ್ರಿ ಹತ್ತರ ಮೇಲೆ ಇಡಬೇಕು ಅನ್ನುವುದು, ಎರಡನೇ ಸಭೆಯಲ್ಲಿ ಒಪ್ಪಿಗೆಯಾಯಿತು. ಅದನ್ನು ಹೇಳಿದವರು ಆ ಸಭೆಗೂ ಬಂದಿರಲಿಲ್ಲ. ಮೂರನೆಯದಕ್ಕೆ ಬಂದರು.