ಕಾನೂನು ಸಮಾನವಾಗಿದ್ದರೂ ಲಿಂಗ ಸಮಾನತೆಗೆ ಅಡ್ಡಿಗಳೇಕೆ ಉಳಿದಿವೆ? ಪುರುಷನಾಗಿ ನಾನೇನು ಮಾಡಬಹುದು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ಜನರ ಮನೋಭಾವ ಬದಲಾಗಬೇಕು ಎಂಬುದು. ಅದು ಸುಳ್ಳಲ್ಲ, ಆದರೆ ಮನೋಭಾವ ತಾನಾಗಿ ಬದಲಾಗಲಿ ಎಂದು ಕಾದವರ ಪಾಡೇನಾಯಿತು ಎಂಬುದನ್ನು ನೋಡಿ. ನ್ಯೂಜಿಲೆಂಡ್ 1893ರಲ್ಲೇ ಮಹಿಳೆಯರಿಗೆ ಮತದಾನದ ಹಕ್ಕು ನೀಡಿತು. ಸ್ವಿಟ್ಜರ್ಲೆಂಡಿನಲ್ಲಿ ಒಕ್ಕೂಟದ ಮಟ್ಟದಲ್ಲಿ ಅದು ದೊರೆತದ್ದು 1971ರಲ್ಲಿ. ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಜನಮತಗಣನೆಯಲ್ಲಿ ಮತ ಹಾಕುತ್ತಿದ್ದವರು ಗಂಡಸರಷ್ಟೇ, ಮತ್ತು 1959ರಲ್ಲಿ ಅವರು ಬೇಡವೆಂದೇ ಹೇಳಿದ್ದರು.

ಹಕ್ಕಿನ ಬಾಗಿಲು ತೆರೆದ ಮೇಲೂ ಉಳಿಯುವ ಅಡ್ಡಿ ಯಾವುದು ಎಂದರೆ, ಸಿಬ್ಬಂದಿ ವಿಭಾಗದಲ್ಲಿ ಬಡ್ತಿಯ ಕಡತಗಳನ್ನು ನೋಡುತ್ತ ಬಂದಿರುವ ನನ್ನ ಉತ್ತರ ಒಂದೇ: ಸಮಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿಯ ಪ್ರಕಾರ, ಜಗತ್ತಿನಲ್ಲಿ ಸಂಬಳವಿಲ್ಲದೆ ನಡೆಯುವ ಮನೆಗೆಲಸ ಮತ್ತು ಆರೈಕೆಯ ಒಟ್ಟು ಗಂಟೆಗಳಲ್ಲಿ ಶೇ. 76ರಷ್ಟು ಮಹಿಳೆಯರ ಪಾಲಿನದು. 2023ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿಕೊಟ್ಟಂತೆ, ಶ್ರೀಮಂತ ದೇಶಗಳಲ್ಲಿ ಇಂದಿನ ವೇತನದ ಅಂತರ ಬಹುಪಾಲು ಒಂದೇ ವೃತ್ತಿಯಲ್ಲಿರುವ ಗಂಡು ಹೆಣ್ಣುಗಳ ನಡುವೆಯೇ ಇದೆ, ಮತ್ತು ಅದು ಹಿಗ್ಗುವುದು ಮೊದಲ ಮಗು ಹುಟ್ಟಿದ ಮೇಲೆ.

ಕಡತದಲ್ಲಿ ಇದು ಹೀಗೆ ಕಾಣಿಸುತ್ತದೆ. ಒಳ್ಳೆಯ ಕೆಲಸಗಾರ್ತಿಯೊಬ್ಬರ ವಾರ್ಷಿಕ ಮೌಲ್ಯಮಾಪನದಲ್ಲಿ "ಸಂಜೆಯ ಸಭೆಗಳಿಗೆ ಲಭ್ಯರಿರುವುದಿಲ್ಲ" ಎಂಬ ಒಂದು ಸಾಲು ಇರುತ್ತದೆ. ಆ ಸಭೆಯನ್ನು ಸಂಜೆ ಆರಕ್ಕೇ ಏಕೆ ಇಟ್ಟರು ಎಂಬುದು ಯಾವ ಕಡತದಲ್ಲೂ ಇರುವುದಿಲ್ಲ. ಸಾಲು ಬರೆದ ಅಧಿಕಾರಿ ಕೆಟ್ಟವರೇನಲ್ಲ, ಸಮಾನತೆಯ ಬಗ್ಗೆ ಚೆನ್ನಾಗಿ ಭಾಷಣವನ್ನೂ ಮಾಡಬಲ್ಲವರು. ಆದರೂ ಮೂರು ವರ್ಷ ಅದೇ ಸಾಲು ಬಂದರೆ ಬಡ್ತಿ ಕೈತಪ್ಪುತ್ತದೆ.

ಹೀಗಾಗಿ, ಮನಸ್ಸಿಗಿಂತ ಮೊದಲು ವ್ಯವಸ್ಥೆಯನ್ನು ಬದಲಿಸಿದ ಕಡೆ ಫಲ ಬೇಗ ಸಿಕ್ಕಿದೆ ಎಂಬುದು ನನ್ನ ಅಭಿಪ್ರಾಯ. ಐಸ್‌ಲೆಂಡಿನಲ್ಲಿ 1975ರ ಅಕ್ಟೋಬರ್ 24ರಂದು ಸುಮಾರು ಶೇ. 90ರಷ್ಟು ಮಹಿಳೆಯರು ಕಚೇರಿಯ ಕೆಲಸ, ಮನೆಯ ಕೆಲಸ ಎರಡನ್ನೂ ನಿಲ್ಲಿಸಿದರು. ಮರುವರ್ಷವೇ ಸಮಾನತೆಯ ಕಾನೂನು ಬಂತು. ಇದಕ್ಕಿಂತ ದೊಡ್ಡದೆಂದು ನನಗೆ ತೋರುವುದು 2000ನೆಯ ಇಸವಿಯ ಅವರ ಪೋಷಕರ ರಜೆಯ ಕಾನೂನು: ತಾಯಿಗೆ ಮೂರು ತಿಂಗಳು, ತಂದೆಗೆ ಮೂರು ತಿಂಗಳು, ಇಬ್ಬರೂ ಹಂಚಿಕೊಳ್ಳಲು ಮತ್ತೆ ಮೂರು. ತಂದೆಯ ಪಾಲನ್ನು ತಾಯಿಗೆ ವರ್ಗಾಯಿಸುವಂತಿರಲಿಲ್ಲ. ಅವನು ಬಳಸದಿದ್ದರೆ ಅದು ಹೋದಂತೆಯೇ. ಈ ಒಂದು ಷರತ್ತಿನಿಂದಾಗಿ, "ನೀನೇ ತೆಗೆದುಕೋ" ಎಂದು ಗಂಡ ಔದಾರ್ಯ ತೋರಿಸಿ ಜಾರಿಕೊಳ್ಳುವ ದಾರಿ ಮುಚ್ಚಿತು, ಬಹುಪಾಲು ತಂದೆಯರು ರಜೆ ಹಾಕತೊಡಗಿದರು. ಇಬ್ಬರೂ ರಜೆ ಹಾಕುವವರೇ ಆದಾಗ, ಮದುವೆಯಾದ ಹೆಣ್ಣನ್ನು ನೇಮಿಸಿಕೊಂಡರೆ ರಜೆಯ ಕಾಟ ಎಂದು ಸಂದರ್ಶನದಲ್ಲಿ ಹಿಂಜರಿಯುವುದಕ್ಕೂ ಅರ್ಥ ಉಳಿಯುವುದಿಲ್ಲ.

ಮೀಸಲಾತಿಯ ಬಗ್ಗೆ ಒಂದು ಮಾತು. ಕಂಪನಿಗಳ ಆಡಳಿತ ಮಂಡಳಿಯಲ್ಲಿ ಶೇ. 40ರಷ್ಟು ಸ್ಥಾನ ಕಡ್ಡಾಯಗೊಳಿಸಿದ ನಾರ್ವೆಯಲ್ಲಿ ಮಂಡಳಿಗಳೇನೋ ತುಂಬಿದವು, ಆದರೆ ಅದರಿಂದ ಕೆಳಹಂತದ ಮಹಿಳೆಯರಿಗೆ ಆದ ಲಾಭ ನಿರೀಕ್ಷಿಸಿದಷ್ಟಿಲ್ಲ. ಮೀಸಲಾತಿ ಬೇಕು, ಅದೊಂದೇ ಸಾಲದು.

ಇನ್ನು ನೀವು ಮಾಡಬಹುದಾದದ್ದು. ಪಿತೃತ್ವ ರಜೆ ಎಷ್ಟಿದೆಯೋ ಅಷ್ಟನ್ನೂ ತೆಗೆದುಕೊಳ್ಳಿ, ವಿಶೇಷವಾಗಿ ನೀವು ಮೇಲಧಿಕಾರಿಯಾಗಿದ್ದರೆ, ಏಕೆಂದರೆ ಕೆಳಗಿನವರು ನಿಯಮಕ್ಕಿಂತ ನಿಮ್ಮ ನಡತೆಯನ್ನು ನೋಡುತ್ತಾರೆ. ಮಗುವಿನ ಶಾಲೆಯ ಅರ್ಜಿಯಲ್ಲಿ ತುರ್ತು ಕರೆಗೆ ನಿಮ್ಮ ಸಂಖ್ಯೆಯನ್ನು ಮೊದಲು ಬರೆಯಿರಿ. ಜ್ವರ ಬಂದ ಮಗುವನ್ನು ಕರೆತರಲು ಕೆಲಸದ ನಡುವೆ ಏಳಬೇಕಾದವರು ಯಾರೆಂಬುದು ಅಲ್ಲೇ ನಿರ್ಧಾರವಾಗುತ್ತದೆ. ಸಭೆಯನ್ನು ಬೆಳಿಗ್ಗೆಗೆ ಬದಲಾಯಿಸಿ ಎಂದು ಕೇಳುವವರು ನೀವಾಗಿ. ಸಹೋದ್ಯೋಗಿ ಮಹಿಳೆ ಕೇಳಿದರೆ ನಿಮ್ಮ ಸಂಬಳ ಎಷ್ಟೆಂದು ಮುಚ್ಚಿಡದೆ ಹೇಳಿ. ತನಗೆ ಕಡಿಮೆ ಸಿಗುತ್ತಿದೆ ಎಂಬುದು ಗೊತ್ತೇ ಇಲ್ಲದಿದ್ದರೆ ಆಕೆ ಯಾವ ಕಾನೂನಿನ ಮೊರೆ ಹೋಗಲೂ ಸಾಧ್ಯವಿಲ್ಲ.