ಮಂಗಳೂರು–ಉಡುಪಿ ಕಡೆ ಪತ್ರಿಕೆಯ ಕ್ರೀಡಾ ಅಂಕಣಕಾರರಾಗುವುದು ಹೇಗೆ?

ನೇರವಾಗಿ ಅಂಕಣ ಯಾರೂ ಕೊಡುವುದಿಲ್ಲ. ಮೊದಲು ಅಜ್ಜರಕಾಡು, ಮಂಗಳಾ ಕ್ರೀಡಾಂಗಣಗಳ ಕೂಟಗಳ ಫಲಿತಾಂಶ ಬರೆದುಕೊಡಿ. ಆಟಗಾರರ ಹೆಸರು, ಇನಿಶಿಯಲ್, ಊರು ತಪ್ಪದಿರಲಿ.

ಕಂಬಳವನ್ನಂತೂ ಕಲಿಯಲೇಬೇಕು. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆಹಲಗೆ ವಿಭಾಗಗಳನ್ನು ಬೆರೆಸಿದರೆ ವರದಿಯೇ ಕೆಟ್ಟಿತು. ಕೋಣಗಳ ಯಜಮಾನರು, ಓಡಿಸಿದವರು, ಇಬ್ಬರ ಹೆಸರೂ ಬೇಕು. ಫೈನಲ್ ಮರುದಿನಕ್ಕೆ ಎಳೆಯುವುದುಂಟು, ಆ ರಾತ್ರಿಯ ಪುಟಕ್ಕೆ ಸಿಗದು. 2020ರಲ್ಲಿ ಐಕಳ ಕಂಬಳದ 142.5 ಮೀಟರ್ ಕರೆಯನ್ನು (ಕೋಣಗಳು ಓಡುವ ಕೆಸರಿನ ಹಾದಿ) ಕೋಣ ಓಡಿಸುವ ಶ್ರೀನಿವಾಸ ಗೌಡರು 13.62 ಸೆಕೆಂಡಿನಲ್ಲಿ ಮುಗಿಸಿದ್ದನ್ನು 100 ಮೀಟರಿಗೆ ಇಳಿಸಿ ಓಟಗಾರ ಉಸೇನ್ ಬೋಲ್ಟ್‌ಗೆ ಹೋಲಿಸಿದ್ದು ತಪ್ಪು ಲೆಕ್ಕ: ಓಟಗಾರನನ್ನು ಮುಂದಕ್ಕೆಳೆಯುವುದು ಕೋಣಗಳ ವೇಗ. ಇಂಥದ್ದನ್ನು ಬಿಡಿಸಿ ಬರೆಯಬಲ್ಲವರಿಗೆ ಸಂಪಾದಕರು ಜಾಗ ಕೊಡುತ್ತಾರೆ.

ಅಂಕಣದ ಸಂಭಾವನೆಯಿಂದಲೇ ಮನೆ ನಡೆಯದು. ಡೆಸ್ಕ್ ಕೆಲಸವೋ ಬೇರೆ ಉದ್ಯೋಗವೋ ಜೊತೆಗಿರಲಿ.